ಎಕ್ಸ್‌ರೇಯಲ್ಲಿ ಕಾಣದ ನೋವು

(ಬೆಂಗಳೂರಿನ ಗೋವಿಂದರಾಜನಗರದಲ್ಲಿ ಗಿರಣಿ ಕಾರ್ಮಿಕರೂ ಸಣ್ಣ ವರ್ತಕರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯ ಕರಪತ್ರ ನೋಡಿದ ಮಿತ್ರರೊಬ್ಬರು, "ಏನು ಮೇಷ್ಟ್ರೇ, ಪಕ್ಷದ ಕೆಲಸ ಬಿಟ್ಟು ವೈದ್ಯ ಶುರುಮಾಡಿದಿರೋ?" ಎಂದು ಕೇಳಿದರು. ನಾವು ವೈದ್ಯರಲ್ಲ. ಮೆಟ್ರಿಕ್ ಓದಿ ಕೆಲವು ವರ್ಷ ಮಕ್ಕಳಿಗೆ ಪಾಠ ಹೇಳಿದವರು. ಔಷಧ ಬರೆಯುವ ಅಧಿಕಾರ ನಮಗಿಲ್ಲ, ಆ ಆಸೆಯೂ ಇಲ್ಲ. ಆದರೆ ಒಂದು ಕಾಯಿಲೆಯ ವಿಚಾರದಲ್ಲಿ ನಾವು ತಪ್ಪು ಮಾಡಿದೆವು. ಆ ತಪ್ಪನ್ನು ಮಾಡಿದ್ದು ಸಭೆಯಲ್ಲಿ. ಒಪ್ಪಿಕೊಳ್ಳುವುದೂ ಸಭೆಯಲ್ಲೇ ಆಗಬೇಕು.

ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವ ಒಬ್ಬ ಅಕ್ಕ ನಮ್ಮ ಸಮಿತಿಯಲ್ಲಿದ್ದರು. ಚಂದಾ ಎತ್ತುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಕ್ರಮೇಣ ಅವರು ಸಭೆಗೆ ಬರುವುದು ತಪ್ಪತೊಡಗಿತು. ಕೇಳಿದರೆ ಮೈಕೈ ನೋವು. ಒಂದು ದಿನ ಬಂದು ನಗುನಗುತ್ತಾ ನಾಲ್ಕು ಬೀದಿ ತಿರುಗುವರು. ಮಾರನೆಯ ದಿನ ಹಾಸಿಗೆಯಿಂದ ಏಳಲಾಗದು ಎಂದು ಹೇಳಿ ಕಳಿಸುವರು. "ಇದೆಲ್ಲ ನಾಟಕ" ಎಂದು ಸಮಿತಿಯಲ್ಲಿ ಒಬ್ಬರು ಆಡಿದರು. ನಾವು ಇಲ್ಲವೆನ್ನಲಿಲ್ಲ. ಹಾಜರಿಯ ಪಟ್ಟಿಯಲ್ಲಿ ಅವರ ಹೆಸರಿನ ಮೇಲೆ ಗೀಟು ಎಳೆದೆವು. ಗೀಟು ಎಳೆದ ಕೈ ನಮ್ಮದೇ.

ನಾಲ್ಕು ತಿಂಗಳಾದ ಮೇಲೆ ಮಾಗಡಿ ರಸ್ತೆಯ ಬಸ್ ನಿಲ್ದಾಣದಲ್ಲಿ ಸಿಕ್ಕಿದರು. ಕೈಯಲ್ಲೊಂದು ಚೀಲ, ಚೀಲದ ತುಂಬ ಎಕ್ಸ್‌ರೇ ಹಾಳೆಗಳು, ರಕ್ತಪರೀಕ್ಷೆಯ ಚೀಟಿಗಳು. "ಮೇಷ್ಟ್ರೇ, ಐದು ಕಡೆ ತೋರಿಸ್ದೆ. ಎಲ್ರೂ ಏನೂ ಇಲ್ಲ ಅಂತಾರೆ. ಏನೂ ಇಲ್ದೆ ಇದ್ರೆ ರಾತ್ರಿಯೆಲ್ಲಾ ನೋಯೋದು ಯಾರ ಮೈ?" ಎಂದರು. ಭಾಷಣ ಮಾಡುವುದೇ ಉದ್ಯೋಗವಾದ ನಮ್ಮ ಬಾಯಲ್ಲಿ ಆಗ ಮಾತಿರಲಿಲ್ಲ.

ಆ ಮೇಲೆ ಸಂಧಿವಾತದ ತಜ್ಞರೊಬ್ಬರು ಅವರ ಮೈಯನ್ನು ಮುಟ್ಟಿ ನೋಡಿ, ಅರ್ಧ ಗಂಟೆ ಮಾತು ಕೇಳಿ, ಕಾಯಿಲೆಯ ಹೆಸರು ಹೇಳಿದರು: ಫೈಬ್ರೋಮಯಾಲ್ಜಿಯ. ಹೆಸರು ಕೇಳಿ ಹೆದರಬೇಡಿ. ಹಳೆಯ ಮೇಷ್ಟ್ರ ಚಾಳಿ, ಪದ ಬಿಡಿಸಿ ಹೇಳುತ್ತೇವೆ. ಫೈಬ್ರೋ ಎಂದರೆ ನಾರು, ಮಯೋ ಎಂದರೆ ಸ್ನಾಯು, ಆಲ್ಜಿಯ ಎಂದರೆ ನೋವು. ಮೊದಲಿನದು ಲ್ಯಾಟಿನ್, ಉಳಿದೆರಡು ಗ್ರೀಕ್. 1904ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಗೋವರ್ಸ್ ಇಂಥ ನೋವಿಗೆ ಫೈಬ್ರೊಸೈಟಿಸ್, ಅಂದರೆ ನಾರುಗಳ ಉರಿಯೂತ, ಎಂದು ಹೆಸರಿಟ್ಟರು. ಮುಂದೆ ಹುಡುಕಿ ನೋಡಿದವರಿಗೆ ಅಲ್ಲಿ ಉರಿಯೂತ ಸಿಗಲಿಲ್ಲ. 1976ರಿಂದ ಈಗಿನ ಹೆಸರು ಬಳಕೆಗೆ ಬಂತು. ನಮ್ಮ ಅಜ್ಜಿಯರು "ಮೈಯೆಲ್ಲ ವಾಯು ಹಿಡಿದಿದೆ" ಎನ್ನುತ್ತಿದ್ದ ಎಷ್ಟೋ ಮಂದಿಯಲ್ಲಿ ಈ ಕಾಯಿಲೆಯವರೂ ಇದ್ದಿರಬೇಕು.

ಇದರ ಲಕ್ಷಣಗಳನ್ನು ಕೇಳಿಸಿಕೊಳ್ಳಿ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಒಬ್ಬರ ಮುಖ ನೆನಪಾದೀತು. ಮೂರು ತಿಂಗಳಿಗೂ ಮೀರಿ ಮೈಯ ಎಡಬಲ, ಸೊಂಟದ ಮೇಲೆ ಕೆಳಗೆ, ಎಲ್ಲ ಕಡೆ ನೋವು. ರಾತ್ರಿ ಎಂಟು ಗಂಟೆ ಮಲಗಿದರೂ ಬೆಳಿಗ್ಗೆ ಮಲಗಿಯೇ ಇಲ್ಲವೆಂಬಂತೆ ಸುಸ್ತು. ಎದ್ದ ಕೂಡಲೇ ಕೈಕಾಲು ಮರಗಟ್ಟಿದಂತೆ. ತಲೆಗೆ ಮಂಜು ಕವಿದ ಹಾಗಾಗಿ ಹೇಳಬೇಕಾದ ಮಾತು ನಾಲಗೆಯ ತುದಿಯಲ್ಲೇ ನಿಲ್ಲುವುದು. ಅಂಗಡಿಯವರಾದರೆ ಚಿಲ್ಲರೆ ಎಣಿಸುವಾಗ ಎರಡು ಸಲ ತಪ್ಪುವುದು. ಕೆಲವರಿಗೆ ಹೊಟ್ಟೆಯ ತೊಂದರೆ, ತಲೆನೋವು ಜೊತೆಗೂಡುತ್ತವೆ. ಮಗು ಪ್ರೀತಿಯಿಂದ ತೋಳು ಹಿಡಿದರೂ ನೋಯುತ್ತದೆಂದು ಆ ಅಕ್ಕ ಹೇಳಿದ್ದುಂಟು. ಹೆಂಗಸರಲ್ಲಿ ಹೆಚ್ಚು ಕಾಣುತ್ತದೆ, ಗಂಡಸರಿಗೂ ಬರುತ್ತದೆ. ಗಂಡಸರು ನಾಚಿಕೆಗೆ ಹೇಳಿಕೊಳ್ಳುವುದಿಲ್ಲ, ಅಷ್ಟೆ.

ಈಗ ಮುಖ್ಯ ಪ್ರಶ್ನೆ. ಮೂಳೆ ಸರಿಯಿದೆ, ಕೀಲು ಸರಿಯಿದೆ, ರಕ್ತ ಸರಿಯಿದೆ. ಹಾಗಾದರೆ ನೋವು ಎಲ್ಲಿಂದ?

ಇಲ್ಲಿ ತಕ್ಕಡಿ ಹಿಡಿಯುವ ವರ್ತಕ ಮಿತ್ರರು ಕುಳಿತಿದ್ದಾರೆ, ಅವರಿಗೆ ಬೇಗ ತಿಳಿಯುತ್ತದೆ. ಬೇಳೆಯ ಚೀಲದಲ್ಲಿ ಲೋಪವಿಲ್ಲ, ಆದರೆ ತಕ್ಕಡಿಯೇ ಕೆಟ್ಟಿದೆ ಎಂದುಕೊಳ್ಳಿ. ವೀಳ್ಯದೆಲೆ ಇಟ್ಟರೂ ತಟ್ಟೆ ನೆಲ ಮುಟ್ಟುತ್ತದೆ. ಇಲ್ಲಿ ಎಲೆಯನ್ನು ಎಷ್ಟು ಪರೀಕ್ಷೆ ಮಾಡಿದರೇನು? ನಮ್ಮ ಮೈಯಲ್ಲಿ ನೋವನ್ನು ತೂಗುವ ತಕ್ಕಡಿ ಮಿದುಳು, ಬೆನ್ನುಹುರಿ ಮತ್ತು ನರಗಳು. ಈ ಕಾಯಿಲೆಯಲ್ಲಿ ಆ ತೂಗುವ ವ್ಯವಸ್ಥೆಯೇ ಅತಿ ಸೂಕ್ಷ್ಮವಾಗಿಬಿಟ್ಟಿದೆ. ಹತ್ತಿಯ ಭಾರ ಕಬ್ಬಿಣದ ಭಾರವಾಗಿ ತೂಗುತ್ತದೆ. ಹೊರುವವನಿಗೆ ಅದು ಕಬ್ಬಿಣದಷ್ಟೇ ಭಾರ. ಎಕ್ಸ್‌ರೇ ಮೂಳೆಯನ್ನು ತೋರಿಸುವ ಯಂತ್ರ. ತಕ್ಕಡಿಯ ದೋಷ ಅದರಲ್ಲಿ ಹೇಗೆ ಕಂಡೀತು?

ಇದು ನಮ್ಮ ಊಹೆಯಲ್ಲ. 2002ರಲ್ಲಿ ಅಮೆರಿಕದ ಸಂಶೋಧಕರು ಈ ಕಾಯಿಲೆಯವರನ್ನೂ ಆರೋಗ್ಯವಂತರನ್ನೂ ಕೂರಿಸಿ ಹೆಬ್ಬೆರಳ ಉಗುರನ್ನು ಅಳತೆ ಮಾಡಿ ಒತ್ತಿದರು. ಒತ್ತುವಾಗ ಮಿದುಳಿನ ಚಿತ್ರ ತೆಗೆದರು. ಕಾಯಿಲೆಯವರು ಸುಮಾರು 2.4 ಕಿಲೋ ಒತ್ತಡಕ್ಕೆ ಎಷ್ಟು ನೋವೆಂದರೋ ಅಷ್ಟೇ ನೋವೆನ್ನಲು ಆರೋಗ್ಯವಂತರಿಗೆ 4 ಕಿಲೋಗೂ ಮೇಲೆ ಬೇಕಾಯಿತು. ಆ ಹಗುರ ಒತ್ತಡಕ್ಕೇ ಅವರ ಮಿದುಳಿನಲ್ಲಿ ನೋವಿನ ಭಾಗಗಳು ಎದ್ದುನಿಂತದ್ದು ಚಿತ್ರದಲ್ಲಿ ಕಂಡಿತು. ಬಾಯಿ ಸುಳ್ಳು ಹೇಳಬಹುದು, ಆ ಚಿತ್ರಕ್ಕೆ ಸುಳ್ಳು ಬಾರದು. 2021ರಲ್ಲಿ ಲಂಡನ್, ಲಿವರ್‌ಪೂಲ್ ಮತ್ತು ಸ್ವೀಡನ್ನಿನ ವಿಜ್ಞಾನಿಗಳು ಇನ್ನೂ ಮುಂದೆ ಹೋದರು. ರೋಗಿಗಳ ರಕ್ತದಿಂದ ರೋಗನಿರೋಧಕ ಅಂಶವನ್ನು ಬೇರ್ಪಡಿಸಿ ಇಲಿಗಳಿಗೆ ಚುಚ್ಚಿದರು. ಇಲಿಗಳು ಹಗುರ ಒತ್ತಡಕ್ಕೂ ತಣ್ಣಗಿನ ಸೋಂಕಿಗೂ ಕಾಲು ಎಳೆದುಕೊಳ್ಳತೊಡಗಿದವು. ಕೆಲವು ವಾರಗಳಲ್ಲಿ ಆ ಅಂಶ ಮೈಯಿಂದ ಹೋದ ಮೇಲೆ ಸರಿಹೋದವು. ಎಲ್ಲ ರೋಗಿಗಳಲ್ಲೂ ಇದೇ ಕಾರಣವೋ ಎಂಬುದು ತೀರ್ಮಾನವಾಗಿಲ್ಲ. ಆದರೆ ಇಲಿಗೆ ರಜಾ ಚೀಟಿ ಬೇಕಿರಲಿಲ್ಲ, ಅದು ನಾಟಕವಾಡಿತು ಎಂದು ಯಾವ ಮಾಲೀಕರೂ ಹೇಳಲಾರರು.

ಇನ್ನು ನಿದ್ರೆಯ ವಿಚಾರ. ಪಾಳಿಯಲ್ಲಿ ದುಡಿಯುವವರು ಇದನ್ನು ಗಮನವಿಟ್ಟು ಕೇಳಬೇಕು. 1975ರಲ್ಲಿ ಕೆನಡಾದ ಟೊರಾಂಟೊದಲ್ಲಿ ಮೊಲ್ಡೊಫ್‌ಸ್ಕಿ ಎಂಬ ವೈದ್ಯರೂ ಅವರ ಜೊತೆಗಾರರೂ ಆರೋಗ್ಯವಂತ ತರುಣರನ್ನು ಮಲಗಿಸಿ, ಗಾಢ ನಿದ್ರೆ ಹತ್ತಿದಾಗಲೆಲ್ಲ ಸದ್ದು ಮಾಡಿ ಕೆಡಿಸಿದರು. ಪೂರ್ತಿ ಎಬ್ಬಿಸಲಿಲ್ಲ, ಆಳವಾದ ನಿದ್ರೆಯೊಂದನ್ನು ಕಸಿದರು. ಕೆಲವೇ ರಾತ್ರಿಗಳಲ್ಲಿ ಆ ತರುಣರ ಮೈಯೂ ನೋಯತೊಡಗಿತು, ಸುಸ್ತು ಹಿಡಿಯಿತು. ನೋವು ನಿದ್ರೆ ಕೆಡಿಸುತ್ತದೆ, ಕೆಟ್ಟ ನಿದ್ರೆ ನೋವು ಬೆಳೆಸುತ್ತದೆ. ನಮ್ಮ ಬೀದಿಗಳಲ್ಲಿ ಗಾಢ ನಿದ್ರೆ ಕಸಿಯಲು ವಿಜ್ಞಾನಿಗಳು ಬೇಕೆ? ರಾತ್ರಿ ಪಾಳಿಯಿದೆ, ಒಂದೇ ಕೋಣೆಯಲ್ಲಿ ಐದು ಜನರಿದ್ದಾರೆ, ಅಪರಾತ್ರಿಯಲ್ಲಿ ನಲ್ಲಿಗೆ ನೀರು ಬಂತೆಂದು ಬಿಂದಿಗೆ ಹಿಡಿದು ಏಳುವುದಿದೆ. ಇಂಥ ಊರಿನಲ್ಲಿ 2023ರಲ್ಲಿ ನಮ್ಮ ವಿಧಾನಮಂಡಲ ಕಾರ್ಖಾನೆ ಕಾಯಿದೆಯನ್ನು ತಿದ್ದಿ, ದಿನಕ್ಕೆ 12 ಗಂಟೆಯವರೆಗೆ ದುಡಿಸುವುದಕ್ಕೂ ಹೆಂಗಸರನ್ನು ರಾತ್ರಿ ಪಾಳಿಗೆ ಹಾಕುವುದಕ್ಕೂ ದಾರಿ ಮಾಡಿತು. ಕಾರ್ಮಿಕರ ಒಪ್ಪಿಗೆ ಬೇಕೆಂದೂ ಬರೆದರು. ಒಲೆಯ ಮೇಲೆ ಎಸರಿಟ್ಟು ಅಕ್ಕಿಗೆ ಕಾಯುತ್ತಿರುವವರ ಒಪ್ಪಿಗೆ ಎಂಥದ್ದೆಂದು ನಿಮಗೆ ಗೊತ್ತು.

ಆದರೂ ನ್ಯಾಯವಾಗಿ ಹೇಳಬೇಕು. ಕಾರ್ಖಾನೆಯ ಕೆಲಸದಿಂದಲೇ ಈ ಕಾಯಿಲೆ ಬರುತ್ತದೆ ಎಂದು ನಾವು ಹೇಳುವುದಿಲ್ಲ. ವಂಶದ ಒಲವು ಇರುತ್ತದೆ. ಅಪಘಾತ, ಸೋಂಕು, ಬಹುಕಾಲದ ಸಂಕಟ ಇವುಗಳ ಬೆನ್ನಿಗೂ ಶುರುವಾಗುತ್ತದೆ. ಮಾಲೀಕರ ಮನೆಯಲ್ಲೂ ಬರುತ್ತದೆ. ಅಮೆರಿಕದ ಹೆಸರಾಂತ ಗಾಯಕಿ ಲೇಡಿ ಗಾಗಾ ತಮಗೆ ಈ ಕಾಯಿಲೆಯಿದೆ ಎಂದು 2017ರಲ್ಲಿ ಪ್ರಕಟವಾಗಿ ಹೇಳಿ, ಯುರೋಪಿನ ಹಾಡುಗಾರಿಕೆಯ ಪ್ರವಾಸವನ್ನೇ ಮುಂದೂಡಿದರು. ಒಳ್ಳೆಯದೇ ಮಾಡಿದರು. ನಮ್ಮ ಅಕ್ಕ ಒಂದು ದಿನದ ಹೊಲಿಗೆ ಮುಂದೂಡಿದರೆ ಅಂದಿನ ಕೂಲಿ ಇಲ್ಲ. ನಾಲ್ಕು ದಿನ ಮುಂದೂಡಿದರೆ ಆ ಯಂತ್ರದ ಮುಂದೆ ಬೇರೊಬ್ಬರು. ಕಾಯಿಲೆ ಒಂದೇ, ಅದನ್ನು ಹೊರುವ ಅನುಕೂಲ ಬೇರೆ ಬೇರೆ.

ಮಾಲೀಕರಿಗೂ ಸರ್ಕಾರಕ್ಕೂ ಕಾಣದ ಕಾಯಿಲೆಯನ್ನು ನಂಬುವುದು ಬರುವುದಿಲ್ಲವೆಂದಲ್ಲ. ನಮ್ಮ ಬೆಂಗಳೂರಿನ ಮಿನರ್ವ ಮಿಲ್ಲನ್ನು ಹಿರಿಯರು ನೆನೆಯಬಹುದು. 1974ರಲ್ಲಿ ಅದನ್ನು ಸರ್ಕಾರ ವಹಿಸಿಕೊಂಡಿತು. ಆ ಕಾಯಿದೆಯ ಹೆಸರಿನಲ್ಲೇ ಇತ್ತು, 'ರೋಗಗ್ರಸ್ತ ಜವಳಿ ಉದ್ಯಮಗಳು' ಎಂದು. ಗಿರಣಿಗೆ ಕಾಯಿಲೆ ಎಂದರೆ ಲೆಕ್ಕದ ಪುಸ್ತಕ ನೋಡಿ ನಂಬಿದರು, ಯಾರೂ ಎಕ್ಸ್‌ರೇ ಕೇಳಲಿಲ್ಲ. ಅದೇ ಗಿರಣಿಯ ಕಾರ್ಮಿಕ ಮೈ ನೋಯುತ್ತದೆ ಎಂದರೆ ಮೊದಲು ಕೇಳುವುದೇ ಎಕ್ಸ್‌ರೇ.

ಹತ್ತಿ ಗಿರಣಿಯವರ ಎದೆಯ ಕಾಯಿಲೆಯ ಕಥೆಯೂ ಹೀಗೆಯೇ. ಭಾನುವಾರದ ರಜೆ ಮುಗಿಸಿ ಸೋಮವಾರ ಕೆಲಸಕ್ಕೆ ಹೋದವರಿಗೆ ಎದೆ ಬಿಗಿಯುತ್ತಿತ್ತು. ಕಾರ್ಮಿಕರು ಅದನ್ನು 'ಸೋಮವಾರದ ಜ್ವರ' ಎಂದು ತಲೆಮಾರುಗಳಿಂದ ಕರೆಯುತ್ತಿದ್ದರು. ಎಕ್ಸ್‌ರೇಯಲ್ಲಿ ಅದರದೇ ಆದ ಗುರುತು ಕಾಣುವುದಿಲ್ಲ. ಬ್ರಿಟನ್ನಿನಲ್ಲಿ ಅದಕ್ಕೆ ಪರಿಹಾರ ಕೊಡುವ ಏರ್ಪಾಟಾದದ್ದು 1940ರ ದಶಕದಲ್ಲಿ. ನಮ್ಮ ದೇಶದ ಪರಿಹಾರ ಕಾಯಿದೆಯಲ್ಲೂ ಬಿಸಿನೋಸಿಸ್ ಎಂಬ ಹೆಸರಿನಿಂದ ಅದು ಉದ್ಯೋಗದ ಕಾಯಿಲೆಗಳ ಪಟ್ಟಿಗೆ ಸೇರಿತು. ಕಾಯಿಲೆ ಮೊದಲಿನಿಂದ ಇತ್ತು. ಪಟ್ಟಿಗೆ ಸೇರಲು ಕಾರ್ಮಿಕರು ಕೂಗಬೇಕಾಯಿತು.

ಈಗ ಕಾಯಿಲೆ ಬಂದವರು ಮಾಡಬೇಕಾದ್ದೇನು? ಮೊದಲನೆಯದಾಗಿ, ಮೈಯೆಲ್ಲ ನೋಯುವುದೆಲ್ಲ ಇದೇ ಕಾಯಿಲೆಯಲ್ಲ. ಥೈರಾಯ್ಡ್ ಕಡಿಮೆಯಾದರೂ, ರಕ್ತ ಕಡಿಮೆಯಾದರೂ ಮೈ ಸೋತು ನೋಯುತ್ತದೆ. ಬಿಸಿಲು ಕಾಣದೆ ಡಿ ಜೀವಸತ್ವ ಕಡಿಮೆಯಾದರೆ ಮೂಳೆಯೇ ನೋಯುತ್ತದೆ. ಬೆಳಿಗ್ಗೆ ಕತ್ತಲಲ್ಲಿ ಕಾರ್ಖಾನೆಗೆ ಹೋಗಿ ಕತ್ತಲಲ್ಲಿ ಬರುವವರಿಗೆ ಬಿಸಿಲೆಲ್ಲಿ? ಇವಕ್ಕೆಲ್ಲ ಬೇರೆ ಔಷಧವಿದೆ, ಬೇಗ ಗುಣವೂ ಕಾಣುತ್ತದೆ. ಆದ್ದರಿಂದ ಒಂದು ಸಲ ಸರಿಯಾಗಿ ಪರೀಕ್ಷೆ ಮಾಡಿಸಲೇಬೇಕು. ಕೀಲು ಊದಿಕೊಂಡರೆ, ಜ್ವರ ಬಿಡದಿದ್ದರೆ, ತೂಕ ಇಳಿಯುತ್ತ ಹೋದರೆ, ಕೈಯೋ ಕಾಲೋ ಸ್ವಾಧೀನ ತಪ್ಪಿದರೆ ಅದು ಈ ಕಾಯಿಲೆಯ ಲಕ್ಷಣವಲ್ಲ, ತಡಮಾಡದೆ ಆಸ್ಪತ್ರೆಗೆ ಹೋಗಿ. ಹಿಂದೆ ಮೈಮೇಲೆ 18 ಜಾಗಗಳನ್ನು ಒತ್ತಿ, 11 ಕಡೆ ನೋವಿದ್ದರೆ ಇದೇ ಕಾಯಿಲೆ ಎನ್ನುತ್ತಿದ್ದರು. ಅದು 1990ರ ನಿಯಮ. 2010ರ ನಿಯಮದಲ್ಲಿ ಆ ಒತ್ತುವ ಲೆಕ್ಕವನ್ನು ಕೈಬಿಟ್ಟು, ನೋವು ಎಲ್ಲೆಲ್ಲಿದೆ, ಸುಸ್ತು ನಿದ್ರೆ ನೆನಪು ಹೇಗಿವೆ ಎಂದು ಕೇಳಿ ತಿಳಿಯುವ ಕ್ರಮ ಬಂತು. ಅಂದರೆ ವೈದ್ಯಶಾಸ್ತ್ರವೇ ಈಗ ರೋಗಿಯ ಮಾತನ್ನು ಸಾಕ್ಷಿಯಾಗಿ ಒಪ್ಪುತ್ತದೆ.

ಎರಡನೆಯ ಮಾತು ಇಂಜೆಕ್ಷನ್ನಿನದು. ಶನಿವಾರ ಸಂಜೆ ಬಟವಾಡೆಯಾದ ಕೂಡಲೇ ಒಂದು ನೋವಿನ ಸೂಜಿ ಹಾಕಿಸಿಕೊಂಡು ಮನೆಗೆ ಹೋಗುವವರು ನಮ್ಮಲ್ಲಿ ಎಷ್ಟು ಮಂದಿ? ಆ ಸೂಜಿ, ಆ ಗುಳಿಗೆಗಳು ಉರಿಯೂತದ ನೋವಿಗೆ ಮಾಡಿದವು. ಇಲ್ಲಿ ಉರಿಯೂತವೇ ಇಲ್ಲವಾದ್ದರಿಂದ ಅವುಗಳಿಂದ ಪ್ರಯೋಜನ ಕಡಿಮೆ. ವರ್ಷಗಟ್ಟಲೆ ತೆಗೆದುಕೊಂಡರೆ ಹೊಟ್ಟೆ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. ಸ್ಟೀರಾಯ್ಡ್ ಬೆರೆತಿದ್ದರೆ ಮೂಳೆಯೂ ಸವೆಯುತ್ತದೆ. ಈ ಕಾಯಿಲೆಗೆ ವೈದ್ಯರು ಕೊಡುವ ಔಷಧಗಳು ಬೇರೆ. ಅಮಿಟ್ರಿಪ್ಟಿಲಿನ್ ಸಣ್ಣ ಪ್ರಮಾಣದಲ್ಲಿ ರಾತ್ರಿ ಕೊಡುತ್ತಾರೆ. ಪ್ರೀಗ್ಯಾಬಲಿನ್, ಡ್ಯುಲೊಕ್ಸೆಟಿನ್ ಎಂಬವಕ್ಕೆ ಅಮೆರಿಕದಲ್ಲಿ 2007 ಮತ್ತು 2008ರಲ್ಲಿ ಈ ಕಾಯಿಲೆಗೆಂದೇ ಒಪ್ಪಿಗೆ ಸಿಕ್ಕಿತು. ಇವು ನರಗಳ ತಕ್ಕಡಿಯನ್ನು ಕೊಂಚ ಹದಕ್ಕೆ ತರುತ್ತವೆ. ಎಲ್ಲರಿಗೂ ಒಗ್ಗುವುದಿಲ್ಲ. ತೂಕಡಿಕೆ, ತಲೆಸುತ್ತು ಬರಬಹುದು. ಯಂತ್ರದ ಮುಂದೆ ಕೂರುವವರು ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಮನಸ್ಸಿನ ಕಾಯಿಲೆಗೆ ಕೊಡುವ ಗುಳಿಗೆ ಬರೆದರು, ಹಾಗಾದರೆ ನನಗೆ ಹುಚ್ಚೇ ಎಂದು ಅಳಬೇಡಿ. ಅದೇ ಗುಳಿಗೆ ನರದ ನೋವಿಗೂ ಆಗುತ್ತದೆ.

ಆದರೆ ಎಲ್ಲಕ್ಕಿಂತ ಬಲವಾದ ಸಾಕ್ಷ್ಯವಿರುವುದು ಗುಳಿಗೆಗಲ್ಲ. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ 2016ರಲ್ಲಿ ಎಲ್ಲ ಚಿಕಿತ್ಸೆಗಳನ್ನೂ ಜಾಲಿಸಿ ನೋಡಿ, ಬಲವಾಗಿ ಶಿಫಾರಸು ಮಾಡಿದ್ದು ಒಂದೇ ಒಂದನ್ನು: ವ್ಯಾಯಾಮ. ಈ ಮಾತು ಕೇಳಿದೊಡನೆ ಆ ಅಕ್ಕ ನಮ್ಮ ಮೇಲೆ ರೇಗಿದರು. "ದಿನವೆಲ್ಲ ದುಡಿದು ಸಾಯ್ತೀನಿ, ಇನ್ನೂ ವ್ಯಾಯಾಮ ಮಾಡ್ಬೇಕಾ?" ರೇಗಿದ್ದು ಸರಿಯೇ. ಒಂದೇ ಕಡೆ ಬಗ್ಗಿ ಕುಳಿತು ದಿನಕ್ಕೆ ನೂರಾರು ಸಲ ಅದೇ ಕೈ ಆಡಿಸುವುದು ದುಡಿಮೆ, ಅದು ವ್ಯಾಯಾಮವಾಗುವುದಿಲ್ಲ. ಮೈಗೆ ಬೇಕಾದ್ದು ಕೈ ಬೀಸಿ ನಡೆಯುವ ನಡಿಗೆ. ಮೊದಲ ವಾರ ಹತ್ತು ನಿಮಿಷ ಸಾಕು. ನೋವು ಸ್ವಲ್ಪ ಏರಿದಂತೆ ಕಾಣುತ್ತದೆ, ಹೆದರಿ ಬಿಡಬಾರದು. ಹಾಗೆಂದು ಎರಡನೆಯ ದಿನವೇ ಒಂದು ಗಂಟೆಗೆ ಏರಿಸಲೂಬಾರದು. ವಾರಕ್ಕೆ ಒಂದೆರಡು ನಿಮಿಷ ಕೂಡಿಸುತ್ತ ಹೋಗಬೇಕು. ಈ ಕಾಯಿಲೆಯವರು ಮಾಡುವ ದೊಡ್ಡ ತಪ್ಪು ಎಂದರೆ, ಮೈ ಹಗುರವಾಗಿರುವ ದಿನ ಬಾಕಿ ಬಿದ್ದ ಬಟ್ಟೆ, ಪಾತ್ರೆ, ಹಿಟ್ಟಿನ ಗಿರಣಿ, ನೆಂಟರ ಮನೆ ಎಲ್ಲವನ್ನೂ ಮುಗಿಸಲು ಹೋಗುವುದು. ಆಮೇಲೆ ನಾಲ್ಕು ದಿನ ಹಾಸಿಗೆ. ಅಕ್ಕ ನಮ್ಮೊಡನೆ ನಾಲ್ಕು ಬೀದಿ ತಿರುಗಿ ಮಾರನೆಯ ದಿನ ಏಳದಿದ್ದದ್ದು ಇದೇ. ನಾವು ಅದನ್ನು ನಾಟಕವೆಂದೆವು.

ಈ ಕಾಯಿಲೆ ಕೀಲು ಸೊಟ್ಟ ಮಾಡುವುದಿಲ್ಲ, ಕೈಕಾಲು ಬೀಳಿಸುವುದಿಲ್ಲ, ಪ್ರಾಣ ತೆಗೆಯುವುದಿಲ್ಲ. ಪೂರ್ತಿ ಗುಣವಾಗುತ್ತದೆ ಎಂದು ಹೇಳಿ ಎಣ್ಣೆ ಮಾರುವವರನ್ನು ನಂಬಬೇಡಿ. ಎಷ್ಟೋ ಮಟ್ಟಿಗೆ ಹತೋಟಿಗೆ ಬರುತ್ತದೆ.

ಇನ್ನು ರಜೆಯ ಪ್ರಶ್ನೆ, ನಮ್ಮ ನಿಜವಾದ ಕೆಲಸ ಇಲ್ಲಿಂದ ಶುರು. ಮಾಗಡಿ ರಸ್ತೆಯ ಆಚೆಗೆ ರಾಜಾಜಿನಗರದಲ್ಲಿ ಇ.ಎಸ್.ಐ. ಆಸ್ಪತ್ರೆಯಿದೆ, ಅದಕ್ಕೆ ಸೇರಿದಂತೆ ವೈದ್ಯಕೀಯ ಕಾಲೇಜೂ ಇದೆ. ಅದು ಯಾರ ಧರ್ಮಾಸ್ಪತ್ರೆಯೂ ಅಲ್ಲ. ನಿಮ್ಮ ಕೂಲಿಯಿಂದ ಕಡಿದ ಹಣವೂ ಮಾಲೀಕರು ಕಟ್ಟಬೇಕಾದ ಹಣವೂ ಸೇರಿ ನಡೆಯುವಂಥದ್ದು. 1948ರ ಕಾಯಿದೆಯಿಂದ ಹುಟ್ಟಿ 1952ರಲ್ಲಿ ಕಾನ್ಪುರ, ದೆಹಲಿಗಳಲ್ಲಿ ಮೊದಲಾದ ಯೋಜನೆ ಇದು. ಕಾಯಿಲೆ ಬಿದ್ದ ಕಾರ್ಮಿಕರಿಗೆ ಕೂಲಿಯ ಶೇಕಡ 70ರಷ್ಟು, ವರ್ಷಕ್ಕೆ 91 ದಿನಗಳವರೆಗೆ ಕೊಡುವ ಏರ್ಪಾಟು ಅದರಲ್ಲಿದೆ. ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿರಬೇಕು. ಕ್ಷಯ, ಕ್ಯಾನ್ಸರ್ ಮುಂತಾದ 34 ದೀರ್ಘ ಕಾಯಿಲೆಗಳಿಗೆ ಶೇಕಡ 80ರಂತೆ ಎರಡು ವರ್ಷದವರೆಗೂ ಸಿಗುತ್ತದೆ. ಆ 34ರಲ್ಲಿ ಫೈಬ್ರೋಮಯಾಲ್ಜಿಯ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಹೆಸರಿಸಿದ 21 ಬಗೆಯ ಅಂಗವೈಕಲ್ಯಗಳಲ್ಲೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಮಾತ್ರ ದೀರ್ಘಕಾಲದ ನೋವಿನ ಕಾಯಿಲೆಯಾಗಿ ಇದೆ. ಲೋಕ ಒಪ್ಪಿದ ಕಾಯಿಲೆಯನ್ನು ನಮ್ಮ ರಜಾ ಪುಸ್ತಕ ಇನ್ನೂ ಒಪ್ಪಿಲ್ಲ.

ಆದ್ದರಿಂದ ವೈದ್ಯರ ಚೀಟಿಯಲ್ಲಿ ಬರೀ 'ಮೈಕೈ ನೋವು' ಎಂದು ಬರೆಸಿಕೊಂಡು ಬರಬೇಡಿ. ತಜ್ಞರು ನೋಡಿ ಹೇಳಿದ ಹೆಸರನ್ನು ಬರೆಯಲು ಕೇಳಿ, ಹಾಳೆಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿಡಿ. ಒಬ್ಬರ ಚೀಟಿಯನ್ನು ಕಚೇರಿ ಮೂಲೆಗೆಸೆಯಬಹುದು, ಇನ್ನೂರು ಜನರ ಚೀಟಿಯನ್ನು ಎಸೆಯುವುದು ಕಷ್ಟ. 2016ರ ಏಪ್ರಿಲಿನಲ್ಲಿ ಭವಿಷ್ಯನಿಧಿಯ ಹಣ ತೆಗೆಯಲು ಕೇಂದ್ರ ಸರ್ಕಾರ ಅಡ್ಡಿ ಹಾಕಿದಾಗ, ಇದೇ ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳ ಹೆಂಗಸರು ಬೀದಿಗಿಳಿದು ಎರಡೇ ದಿನದಲ್ಲಿ ಆ ಆಜ್ಞೆಯನ್ನು ವಾಪಸು ತೆಗೆಸಿದರು. ನಮ್ಮಂಥ ಭಾಷಣಕಾರರು ಅಲ್ಲಿಗೆ ತಲುಪುವ ಮೊದಲೇ ಕೆಲಸ ಮುಗಿದಿತ್ತು.

ವರ್ತಕ ಮಿತ್ರರಿಗೆ ಒಂದು ಮಾತು. ನಿಮಗೆ ಇ.ಎಸ್.ಐ. ಇಲ್ಲ, ಬೆಳಗ್ಗೆ ಆರಕ್ಕೆ ಬಾಗಿಲು ತೆರೆದರೆ ರಾತ್ರಿ ಹತ್ತಕ್ಕೆ ಮುಚ್ಚುವುದು, ನಿಮ್ಮ ರಜಾ ಚೀಟಿಗೆ ಸಹಿ ಹಾಕುವವರೇ ಇಲ್ಲ. ಇದು ನಮಗೆ ಗೊತ್ತು. ಆದರೆ ನಿಮ್ಮ ಅಂಗಡಿಯಲ್ಲಿ ಬಟ್ಟೆ ಬಿಚ್ಚಿ ತೋರಿಸುವ ಹುಡುಗಿಗೆ ಕೂರಲು ಒಂದು ಸ್ಟೂಲು ಇದೆಯೇ? ಕೋಳಿಕ್ಕೋಡಿನ ಜವಳಿ ಅಂಗಡಿಗಳ ಹೆಂಗಸರು ಕೂರುವ ಹಕ್ಕಿಗಾಗಿ ಹೋರಾಡಿದರು. ಕೇರಳ 2018ರಲ್ಲಿ ಕಾಯಿದೆ ತಿದ್ದಿತು, ತಮಿಳುನಾಡು 2021ರಲ್ಲಿ. ನೀವು ಕಾಯಿದೆಗೆ ಕಾಯಬೇಕಾಗಿಲ್ಲ, ಸ್ಟೂಲಿನ ಬೆಲೆ ಎಷ್ಟೆಂದು ನಮಗಿಂತ ನಿಮಗೇ ಚೆನ್ನಾಗಿ ಗೊತ್ತು.

ಮನೆಯ ವಿಚಾರವನ್ನು ಗಂಡಸರಿಗೆ ಬಿಡಿಸಿ ಹೇಳಬೇಕಿಲ್ಲ. ನೀರಿನ ಬಿಂದಿಗೆ ನೀವೂ ಎತ್ತಬಹುದು.

ಆ ಅಕ್ಕ ಈಗ ದಿನಕ್ಕೆ ಇಪ್ಪತ್ತೈದು ನಿಮಿಷ ನಡೆಯುತ್ತಾರೆ. ನೋವು ಹೋಗಿಲ್ಲ, ವಾರದಲ್ಲಿ ನಾಲ್ಕು ರಾತ್ರಿ ನಿದ್ರೆ ಬರುತ್ತದೆ ಎಂದರು. ಇಂದು ಅವರು ಹಿಂದಿನ ಸಾಲಿನಲ್ಲಿ, ಗೋಡೆಗೆ ಒರಗಲು ಅನುಕೂಲವಾಗುವಲ್ಲಿ ಕುಳಿತಿದ್ದಾರೆ. ಅವರ ಹೆಸರನ್ನು ಪಟ್ಟಿಯಲ್ಲಿ ಮತ್ತೆ ಬರೆದಿದ್ದೇವೆ. ಅಳಿಸಿದ ಜಾಗದಲ್ಲಿ ಗೀಟಿನ ಗುರುತು ಹೋಗದ್ದರಿಂದ ಹೊಸ ಹಾಳೆಯಲ್ಲಿ ಬರೆದೆವು. ಸಭೆ ಮುಗಿದ ಮೇಲೆ, ಮನೆಯಲ್ಲಿ ಇಂಥ ನೋವಿನವರು ಇರುವವರು ಬಾಗಿಲ ಬಳಿ ಅವರ ಹತ್ತಿರ ಹೆಸರು ಬರೆಸಿ ಹೋಗಿ. ಮುಂದಿನ ಸಭೆ ಬರುವ ಭಾನುವಾರ. ಹಿಂದೆ ಬೆಳಿಗ್ಗೆ ಏಳಕ್ಕೆ ಸೇರುತ್ತಿದ್ದೆವು, ಆ ಹೊತ್ತಿಗೆ ಇವರ ಮೈ ಏಳುವುದಿಲ್ಲ. ಇನ್ನು ಮೇಲೆ ಹನ್ನೊಂದಕ್ಕೆ ಸೇರೋಣ.